ಆಂಪ್ಲಿಫೈಯರಿಗೆ ಕಾರಿನಲ್ಲಿ ಜಾಗ ಎಲ್ಲಿ?

ಕಾರಿಗೆ ಹೊಸದಾಗಿ ಆಂಪ್ಲಿಫೈಯರ್ ಹಾಕಿಸುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ವ್ಯಾಟ್, ಎಷ್ಟು ರೂಪಾಯಿ. ಇದನ್ನು ಎಲ್ಲಿ ಕೂರಿಸುತ್ತೀರಿ ಎಂಬ ಮೂರನೆಯ ಪ್ರಶ್ನೆ ಕೇಳುವವರು ಕಡಿಮೆ. ಕೇಳಿದರೂ ಸಿಗುವ ಉತ್ತರ ಚಿಕ್ಕದು: ಸೀಟಿನ ಕೆಳಗೆ, ಇಲ್ಲವೇ ಡಿಕ್ಕಿಯಲ್ಲಿ. ಯಾಕೆ ಅಂದರೆ "ಎಲ್ಲರೂ ಅಲ್ಲೇ ಹಾಕಿಸ್ತಾರೆ ಸಾರ್."

ಈ "ಎಲ್ಲರೂ ಅಲ್ಲೇ" ಎಂಬ ಮಾತಿನ ಹಿಂದೆ 90 ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಕಾರು ಹುಟ್ಟಿದಾಗ ಅದರೊಳಗೆ ಎಂಜಿನ್ನಿಗೆ ಜಾಗವಿತ್ತು, ಪೆಟ್ರೋಲಿಗೆ ಜಾಗವಿತ್ತು, ಕೂರುವವರಿಗೆ ಜಾಗವಿತ್ತು, ಹಾಡಿಗೆ ಇರಲಿಲ್ಲ. ಹಾಡು ತಡವಾಗಿ ಬಂದ ನೆಂಟ. ತುಂಬಿದ ಮನೆಯಲ್ಲಿ ಅದು ಜಗುಲಿಯಲ್ಲಿ ಮಲಗಿತು, ಅಟ್ಟ ಹತ್ತಿತು, ಮಂಚದ ಕೆಳಗೂ ನುಸುಳಿತು. ಪ್ರತಿ ಸಲ ಜಾಗ ಬದಲಾಯಿಸಿದಾಗಲೂ ಹಿಂದಿನ ಜಾಗದಲ್ಲಿ ಏನೋ ಒಂದು ಕೆಟ್ಟಿತ್ತು, ಸುಟ್ಟಿತ್ತು, ಇಲ್ಲವೇ ಕಿರುಗುಟ್ಟಿತ್ತು. ಇಂದು ನಾವು ಸುರಕ್ಷತೆಯ ನಿಯಮ ಎಂದು ಓದುವ ಸಾಲುಗಳು ಬಹುಮಟ್ಟಿಗೆ ಆ ಹಳೆಯ ಕೇಡುಗಳ ನೆನಪುಗಳು. ಕಾರಣ ಮರೆತು ನಿಯಮವನ್ನಷ್ಟೇ ಉಳಿಸಿಕೊಂಡರೆ ಒಂದು ಅಪಾಯವಿದೆ. ಕಾರು ಬದಲಾದಾಗ ನಿಯಮ ತಪ್ಪಾಗುತ್ತದೆ, ಮತ್ತು ಅದು ತಪ್ಪಾಗಿದೆ ಎಂದು ನಮಗೆ ಗೊತ್ತೇ ಆಗುವುದಿಲ್ಲ.

ನೆಲ ಕೊರೆದು ಇಟ್ಟ ಬ್ಯಾಟರಿಗಳು

1930ರ ಜೂನ್ ತಿಂಗಳು. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಮಾವೇಶ ನಡೆಯುತ್ತಿತ್ತು. ಶಿಕಾಗೋದ ಪಾಲ್ ಗ್ಯಾಲ್ವಿನ್ ಅಲ್ಲಿಗೆ ತನ್ನ ಸ್ಟೂಡಿಬೇಕರ್ ಕಾರಿನಲ್ಲಿ ಬಂದಿದ್ದ. ಸಮಾವೇಶದೊಳಗೆ ಮಳಿಗೆ ಹಾಕುವಷ್ಟು ಹಣ ಇರಲಿಲ್ಲ. ಕಾರನ್ನು ಹೊರಗೆ ನಿಲ್ಲಿಸಿ, ಅದರೊಳಗಿನ ರೇಡಿಯೊದ ಸದ್ದು ಜೋರು ಮಾಡಿ, ಹೋಗಿಬರುವವರನ್ನು ಕರೆದು ತೋರಿಸಿದ. ಆತ ಮತ್ತು ಆತನ ತಮ್ಮ ಜೋಸೆಫ್ 1928ರಲ್ಲಿ ಶುರುಮಾಡಿದ್ದ ಕಂಪನಿ ಮೊದಲು ಮಾಡುತ್ತಿದ್ದದ್ದು ಬ್ಯಾಟರಿ ಎಲಿಮಿನೇಟರ್, ಅಂದರೆ ಬ್ಯಾಟರಿಯಲ್ಲಿ ನಡೆಯುವ ರೇಡಿಯೊವನ್ನು ಮನೆಯ ಕರೆಂಟಿನಲ್ಲಿ ನಡೆಸುವ ಪೆಟ್ಟಿಗೆ. ಮನೆಗಳಿಗೆ ನೇರ ಕರೆಂಟಿನ ರೇಡಿಯೊ ಬಂದಮೇಲೆ ಆ ವ್ಯಾಪಾರ ಒಣಗಿತು. ಹಾಗಾಗಿ ಕಾರಿನತ್ತ ಕಣ್ಣು ಹೋಯಿತು. ತನ್ನ ಕಾರ್ ರೇಡಿಯೊಗೆ ಗ್ಯಾಲ್ವಿನ್ ಇಟ್ಟ ಹೆಸರು ಮೊಟೊರೋಲಾ. 1947ರಲ್ಲಿ ಕಂಪನಿಯೇ ಆ ಹೆಸರು ತೊಟ್ಟಿತು.

ಇದಕ್ಕೂ ಮೊದಲು ಕಾರಿನಲ್ಲಿ ರೇಡಿಯೊ ಇರಲೇ ಇಲ್ಲ ಎಂದಲ್ಲ. 1920ರ ದಶಕದುದ್ದಕ್ಕೂ ಪ್ರಯೋಗಗಳು ನಡೆದಿದ್ದವು. ಆದರೆ ಅಳವಡಿಸುವುದೇ ಒಂದು ದೊಡ್ಡ ಕಾಮಗಾರಿ. ವಾಲ್ವ್ ರೇಡಿಯೊಗೆ ಎರಡು ಬಗೆಯ ವಿದ್ಯುತ್ತು ಬೇಕು. ವಾಲ್ವಿನೊಳಗಿನ ತಂತಿಯನ್ನು ಕಾಯಿಸಲು ಕಡಿಮೆ ವೋಲ್ಟೇಜು ಸಾಕು. ಅದು ಕಾರಿನ ಆರು ವೋಲ್ಟಿನ ಬ್ಯಾಟರಿಯಿಂದ ಸಿಗುತ್ತಿತ್ತು. ಸದ್ದನ್ನು ವರ್ಧಿಸಲು ಮಾತ್ರ ನೂರಾರು ವೋಲ್ಟು ಬೇಕು. ಅದಕ್ಕೆಂದು ಬೇರೆ ಒಣ ಬ್ಯಾಟರಿಗಳ ಸಾಲನ್ನೇ ಹೊತ್ತು ಸಾಗಬೇಕಿತ್ತು. ಇವನ್ನು ಇಡುವುದೆಲ್ಲಿ? ಕಾರಿನ ನೆಲಹಲಗೆಯನ್ನು ಕೊರೆದು, ಅದರ ಕೆಳಗೆ ಪೆಟ್ಟಿಗೆ ತೂಗುಹಾಕಿ, ಅದರೊಳಗೆ ಇಡುತ್ತಿದ್ದರು. ರಿಸೀವರಿನ ಪೆಟ್ಟಿಗೆಯನ್ನು ಎಂಜಿನ್ನಿಗೂ ಕೂರುವ ಭಾಗಕ್ಕೂ ನಡುವಿನ ತಗಡಿನ ಗೋಡೆಗೆ, ಡ್ಯಾಶ್‌ಬೋರ್ಡಿನ ಕೆಳಗೆ ಬಿಗಿಯುತ್ತಿದ್ದರು. ಏರಿಯಲ್ ತಂತಿಗೆ ಚಾವಣಿಯ ಬಟ್ಟೆ ಬಿಚ್ಚಬೇಕಿತ್ತು. ತಲೆಯ ಮೇಲೆ ಏರಿಯಲ್, ಮೊಣಕಾಲಿನ ಮುಂದೆ ರಿಸೀವರ್, ಪಾದದ ಕೆಳಗೆ ಬ್ಯಾಟರಿ. ಇಡೀ ಕಾರನ್ನೇ ಬಿಚ್ಚಿ ಜೋಡಿಸಿದಂತೆ.

ಗ್ಯಾಲ್ವಿನ್ ಬಗ್ಗೆ ಇನ್ನೊಂದು ಕಥೆ ಹೇಳುತ್ತಾರೆ. ಸಾಲ ಕೇಳಲು ಹೋದಾಗ ಬ್ಯಾಂಕಿನವನನ್ನು ಒಲಿಸಲೆಂದು ಅವನ ಪ್ಯಾಕಾರ್ಡ್ ಕಾರಿಗೆ ತನ್ನ ಹುಡುಗರಿಂದ ಒಂದು ರೇಡಿಯೊ ಹಾಕಿಸಿಕೊಟ್ಟನಂತೆ. ಅರ್ಧ ಗಂಟೆಯಲ್ಲಿ ಕಾರಿಗೆ ಬೆಂಕಿ ಹತ್ತಿತಂತೆ. ಸಾಲ ಸಿಗಲಿಲ್ಲ. ಈ ಕಥೆಯನ್ನು ಈಗ ತಮಾಷೆಯಾಗಿ ಹೇಳುತ್ತಾರೆ. ಆದರೆ ಕಾರಿನ ಸದ್ದಿನ ಇತಿಹಾಸದಲ್ಲಿ ಬೆಂಕಿ ಮೊದಲ ಪುಟದಲ್ಲೇ ಇದೆ ಎಂಬುದನ್ನು ಅದು ನೆನಪಿಸುತ್ತದೆ. ಕಾರಿನ ಬ್ಯಾಟರಿಯಲ್ಲಿ ವೋಲ್ಟೇಜು ಕಡಿಮೆ ಇದ್ದರೂ, ಮುಟ್ಟಿದರೆ ಶಾಕ್ ಹೊಡೆಯದಿದ್ದರೂ, ಅದರ ಎರಡು ತುದಿಗಳು ಒಂದಕ್ಕೊಂದು ತಗುಲಿದರೆ ನೂರಾರು ಆಂಪಿಯರ್ ಹರಿಯುತ್ತದೆ. ವೈರಿನ ಮೇಲುಹೊದಿಕೆ ಕರಗಿ ಉರಿಯಲು ಅಷ್ಟು ಸಾಕು.

ಝೇಂಕರಿಸುವ ಡಬ್ಬಿ

ನೆಲದಡಿಯ ಒಣ ಬ್ಯಾಟರಿಗಳಿಂದ ಬಿಡುಗಡೆ ಸಿಕ್ಕಿದ್ದು 1930ರ ದಶಕದ ಮೊದಲ ವರ್ಷಗಳಲ್ಲಿ, ವೈಬ್ರೇಟರ್ ಎಂಬ ಪುಟ್ಟ ಸಾಧನದಿಂದ. ಸೆಕೆಂಡಿಗೆ ನೂರು ಬಾರಿಗೂ ಹೆಚ್ಚು ಅದುರುವ ಲೋಹದ ನಾಲಿಗೆಯೊಂದು ಬ್ಯಾಟರಿಯ ನೇರ ಕರೆಂಟನ್ನು ತುಂಡು ತುಂಡು ಮಾಡುತ್ತಿತ್ತು. ಹಾಗೆ ತುಂಡಾದ ಕರೆಂಟನ್ನು ಟ್ರಾನ್ಸ್‌ಫಾರ್ಮರಿಗೆ ಕೊಟ್ಟು 200 ವೋಲ್ಟಿನ ಆಸುಪಾಸಿಗೆ ಏರಿಸಬಹುದಿತ್ತು. ಕಾರಿನ ಒಂದೇ ಬ್ಯಾಟರಿಯಿಂದ ಎಲ್ಲವೂ ನಡೆಯುವಂತಾಯಿತು.

ಆದರೆ ಆ ನಾಲಿಗೆ ಝೇಂಕರಿಸುತ್ತಿತ್ತು. ಅದನ್ನು ಲೋಹದ ಡಬ್ಬಿಯಲ್ಲಿ ಮುಚ್ಚಿ, ಒಳಗೆ ಮೆತ್ತನೆಯ ರಬ್ಬರು ತುಂಬಬೇಕಾಯಿತು. ಅದರ ಸಂಪರ್ಕಗಳು ಸವೆದು ಅಂಟಿಕೊಂಡರೆ ಕರೆಂಟು ತಡೆಯಿಲ್ಲದೆ ಹರಿದು ಫ್ಯೂಸ್ ಹಾರುತ್ತಿತ್ತು; ಫ್ಯೂಸಿನ ಜಾಗದಲ್ಲಿ ಯಾರಾದರೂ ದಪ್ಪ ತಂತಿ ಸುತ್ತಿಟ್ಟಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತಿತ್ತು. ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ಸ್ಪೀಕರಿನಲ್ಲಿ ಟಪ್ ಎನ್ನುತ್ತಿತ್ತು. ಅದಕ್ಕೆ ಪ್ಲಗ್ಗಿಗೊಂದು ಡೈನಮೊಗೊಂದು ತಡೆ ಹಾಕಿದರು. ಗೆರೆ ಎಳೆದಂತೆ ಎರಡು ಪಾಠ ಆಗಲೇ ಬರೆದಾಗಿತ್ತು: ಫ್ಯೂಸ್ ಇರಲಿ, ಸದ್ದಿನ ತಂತಿಯನ್ನು ಕಿಡಿಯ ತಂತಿಯಿಂದ ದೂರ ಇಡಿ.

ಈ ಕಾಲದ ಒಂದು ಗುರುತು ಕಾರಿನಾಚೆಗೂ ಉಳಿಯಿತು. ಕಾರಿನ ಬ್ಯಾಟರಿಯಲ್ಲಿ ಮೂರು ಕೋಶಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟು, ಒಟ್ಟು 6.3. ಕಾರಿಗೆಂದು ಮಾಡಿದ ವಾಲ್ವುಗಳ ತಂತಿಯನ್ನು ಈ 6.3 ವೋಲ್ಟಿಗೆ ಹೊಂದಿಸಿದರು. ಮುಂದೆ ಮನೆಯ ರೇಡಿಯೊ, ಗಿಟಾರ್ ಆಂಪ್ಲಿಫೈಯರುಗಳ ವಾಲ್ವುಗಳಿಗೂ ಅದೇ ಸಾಮಾನ್ಯ ಅಳತೆಯಾಯಿತು. ಕಾರಿನಲ್ಲಿ ಜಾಗ ಬೇಡಿದ ರೇಡಿಯೊ ಲೋಕದ ವಾಲ್ವುಗಳಿಗೆ ಅಳತೆ ಕೊಟ್ಟಿತು.

ಏರಿಯಲ್ಲಿನ ಕಥೆ ಇನ್ನೊಂದು. ಆಗಿನ ಕಾರುಗಳ ಚಾವಣಿಯ ನಡುಭಾಗ ಲೋಹದ್ದಾಗಿರಲಿಲ್ಲ. ಬಟ್ಟೆಯ ಹೊದಿಕೆಯ ಒಳಗೆ ಏರಿಯಲ್ ತಂತಿ ಅಡಗಿಸಬಹುದಿತ್ತು. 1935ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ಪೂರ್ತಿ ಉಕ್ಕಿನ ಚಾವಣಿ ತಂದಿತು. ಉಕ್ಕಿನ ಚಾವಣಿ ಕಾರನ್ನು ಗಟ್ಟಿ ಮಾಡಿತು, ರೇಡಿಯೊವನ್ನು ಕಿವುಡು ಮಾಡಿತು. ಏರಿಯಲ್ ಅಲ್ಲಿಂದ ಕಾರಿನ ಪಕ್ಕದ ಮೆಟ್ಟಿಲಿನ ಕೆಳಗಿಳಿಯಿತು. ಅಲ್ಲಿ ಕೆಸರು, ಕಲ್ಲು, ನೀರು. ಕೊನೆಗೆ ಕಡ್ಡಿಯ ರೂಪದಲ್ಲಿ ಹೊರಗೆ ನಿಂತಿತು. ಕಾರು ತಯಾರಿಸುವವರು ಇನ್ನಾವುದೋ ಕಾರಣಕ್ಕೆ ಏನೋ ಒಂದನ್ನು ಬದಲಾಯಿಸುತ್ತಾರೆ. ಸದ್ದಿನ ಪೆಟ್ಟಿಗೆಯ ಸುರಕ್ಷಿತ ಜಾಗ ರಾತ್ರೋರಾತ್ರಿ ಇಲ್ಲವಾಗುತ್ತದೆ. ಈ ಮಾತು ಮುಂದೆ ಮತ್ತೆ ಮತ್ತೆ ಬರಲಿದೆ.

ದೇಹ ಒಂದು ಕಡೆ, ಕೈ ಒಂದು ಕಡೆ

1932ರಲ್ಲಿ ಬರ್ಲಿನ್ನಿನಲ್ಲಿ ಬ್ಲೌಪುಂಕ್ಟ್ ಯುರೋಪಿನ ಮೊದಲ ಕಾರ್ ರೇಡಿಯೊವನ್ನು ಹೊರತಂದಿತು. ಗಾತ್ರ ಹತ್ತು ಲೀಟರಿಗೂ ಹೆಚ್ಚು; ಒಂದು ಬಕೆಟ್ಟಿನಷ್ಟು. ಬೆಲೆ ಒಂದು ಸಣ್ಣ ಕಾರಿನ ಬೆಲೆಯ ಮೂರರಲ್ಲಿ ಒಂದು ಪಾಲು. ಚಾಲಕನ ಪಕ್ಕದಲ್ಲಿ ಅಂಥ ಪೆಟ್ಟಿಗೆಗೆ ಜಾಗವಿರಲಿಲ್ಲ. ಹಾಗಾಗಿ ಪೆಟ್ಟಿಗೆಯನ್ನು ಬೇರೆ ಕಡೆ ಇಟ್ಟು, ಅದನ್ನು ನಡೆಸುವ ಗುಂಡಿಗಳನ್ನು ಮಾತ್ರ ಸ್ಟೀರಿಂಗ್ ಕಂಬಕ್ಕೆ ಜೋಡಿಸಿದರು. ಮೊಟೊರೋಲಾದ ಮೊದಲ ರೇಡಿಯೊಗಳೂ ಹೀಗೆಯೇ ಇದ್ದವು.

ದಿಕ್ಕಿಲ್ಲದೆ ಮಾಡಿಕೊಂಡ ಈ ಏರ್ಪಾಡಿನಲ್ಲಿ ಒಂದು ತತ್ವವಿದೆ. ಚಾಲಕನ ಕೈಗೆ ಎಟುಕಬೇಕಾದದ್ದು ಗುಂಡಿ ಮಾತ್ರ. ಬಿಸಿಯಾಗುವ, ಭಾರವಾದ, ಕರೆಂಟು ಕುಡಿಯುವ ದೇಹ ಎಲ್ಲಿಯಾದರೂ ಇರಬಹುದು. ಆ ದಿನಗಳಲ್ಲಿ ಕಾರ್ ರೇಡಿಯೊ ಚಾಲಕನ ಗಮನ ಕೆಡಿಸುತ್ತದೆ, ನಿಷೇಧಿಸಬೇಕು ಎಂಬ ಪ್ರಸ್ತಾಪಗಳು ಅಮೆರಿಕದ ಕೆಲವು ರಾಜ್ಯಗಳಲ್ಲಿ ಬಂದಿದ್ದವು. ಇಂದಿನ ಆಂಪ್ಲಿಫೈಯರ್ ಡಿಕ್ಕಿಯಲ್ಲಿ ಕೂತು ಮುಂದಿನ ಪರದೆಯ ಆಣತಿ ಕೇಳುವುದು ಈ ತತ್ವದ ಮುಂದುವರಿಕೆಯೇ.

ಬಿಸಿಯ ಲೆಕ್ಕ

1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೊ ಸೇರಿ ವಾಲ್ವೇ ಇಲ್ಲದ, ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೊ ತಂದವು. ಅದೇ ಹೊತ್ತಿಗೆ ಅಮೆರಿಕದ ಕಾರುಗಳು ಆರು ವೋಲ್ಟಿನಿಂದ 12 ವೋಲ್ಟಿಗೆ ಏರುತ್ತಿದ್ದವು. ವೈಬ್ರೇಟರಿನ ಝೇಂಕಾರ ನಿಂತಿತು. ಎಲ್ಲ ಚಿಕ್ಕದಾಯಿತು, ಹಗುರಾಯಿತು. ಆದರೆ ಟ್ರಾನ್ಸಿಸ್ಟರಿಗೆ ಬಿಸಿ ಆಗಿಬರುವುದಿಲ್ಲ. ವಾಲ್ವು ಕಾದರೇ ಕೆಲಸ ಮಾಡುವ ವಸ್ತು. ಟ್ರಾನ್ಸಿಸ್ಟರು ಕಾದರೆ ಸಾಯುವ ವಸ್ತು. ಅಂದಿನ ಜರ್ಮೇನಿಯಂ ಟ್ರಾನ್ಸಿಸ್ಟರಂತೂ ಬಿಸಿಯಾದಷ್ಟೂ ಹೆಚ್ಚು ಕರೆಂಟು ಎಳೆದು, ಎಳೆದಷ್ಟೂ ಇನ್ನಷ್ಟು ಬಿಸಿಯಾಗಿ ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿತ್ತು. ಅದಕ್ಕೇ ಸದ್ದಿನ ಟ್ರಾನ್ಸಿಸ್ಟರನ್ನು ರೇಡಿಯೊದ ಹೊರಮೈಗೆ, ಅಲ್ಯೂಮಿನಿಯಂ ಹಲಗೆಗೆ ಬಿಗಿದು ಗಾಳಿಗೆ ಒಡ್ಡಿದರು. ಆಂಪ್ಲಿಫೈಯರುಗಳ ಬೆನ್ನ ಮೇಲೆ ಈಗಲೂ ಕಾಣುವ ಲೋಹದ ಏಣುಗಳಿಗೆ ಮೂಲ ಇದು. ಅವು ಅಲಂಕಾರಕ್ಕೆ ಇಟ್ಟದ್ದಲ್ಲ. ಅವುಗಳ ಮೇಲೆ ಕಾರ್ಪೆಟ್ ಮುಚ್ಚುವುದೆಂದರೆ ಮೂಗಿಗೆ ಬಟ್ಟೆ ತುರುಕಿದಂತೆ.

ಮುಂದೆ ಸಿಲಿಕಾನ್ ಬಂತು, ಇಡೀ ಆಂಪ್ಲಿಫೈಯರನ್ನು ಬೆರಳಿನಷ್ಟು ಚಿಪ್ಪಿನಲ್ಲಿ ಅಡಗಿಸುವುದು ಸಾಧ್ಯವಾಯಿತು. ಹಾಗಿದ್ದರೆ ಆಂಪ್ಲಿಫೈಯರು ಡ್ಯಾಶ್‌ಬೋರ್ಡಿನ ರೇಡಿಯೊದೊಳಗೇ ಇರಬಹುದಿತ್ತಲ್ಲ, ಮತ್ತೆ ಹೊರಗೆ ಯಾಕೆ ಬಂತು? ಉತ್ತರ ಲೆಕ್ಕದಲ್ಲಿದೆ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟು. ಸಾದಾ ಜೋಡಣೆಯಲ್ಲಿ ನಾಲ್ಕು ಓಮಿನ ಸ್ಪೀಕರಿಗೆ ಇದರಿಂದ ಆರೂವರೆ ವ್ಯಾಟಿಗಿಂತ ಹೆಚ್ಚು ಹೊರಡದು. ಸ್ಪೀಕರಿನ ಎರಡೂ ತುದಿಗಳನ್ನು ಎದುರುಬದುರು ದೂಡುವ ಸೇತುವೆ ಜೋಡಣೆಯಲ್ಲಿ ಹೆಚ್ಚೆಂದರೆ 26 ವ್ಯಾಟು. ಇದು ಕಾಗದದ ಮೇಲಿನ ಮಿತಿ. ನಿಜದಲ್ಲಿ ಇನ್ನೂ ಕಡಿಮೆ. ಡ್ಯಾಶ್‌ಬೋರ್ಡಿನ ಪುಟ್ಟ ಪೆಟ್ಟಿಗೆಯ ಮೇಲೆ "50 ವ್ಯಾಟ್ × 4" ಎಂದು ಬರೆದಿದ್ದರೆ ಅದು ಕ್ಷಣಮಾತ್ರದ ಶಿಖರದ ಲೆಕ್ಕ.

ಹೆಚ್ಚು ಬೇಕೆಂದರೆ ವೋಲ್ಟೇಜನ್ನೇ ಏರಿಸಬೇಕು. 1970ರ ದಶಕದಲ್ಲಿ ಅಮೆರಿಕದ ಜಿಮ್ ಫಾಸ್ಗೇಟ್ ಮೊದಲಾದವರು ಕಾರಿಗೆಂದೇ ಬೇರೆ ಆಂಪ್ಲಿಫೈಯರ್ ಮಾಡತೊಡಗಿದರು. ಶಕ್ತಿಯುತ ಕಾರ್ ಆಂಪ್ಲಿಫೈಯರಿನ ಒಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ತುಂಡರಿಸಿ ಏರಿಸುವ ಮಂಡಲವೊಂದಿರುತ್ತದೆ. ಅಂದರೆ ವೈಬ್ರೇಟರು ಟ್ರಾನ್ಸಿಸ್ಟರಿನ ವೇಷದಲ್ಲಿ ಮರಳಿ ಬಂತು. ಈ ಸಲ ಕಿವಿಗೆ ಕೇಳಿಸದಷ್ಟು ವೇಗದಲ್ಲಿ. ಇಷ್ಟು ದೊಡ್ಡ ದೇಹ ರೇಡಿಯೊಗೆಂದು ನಿಗದಿಯಾದ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಕಂಡಿಯಲ್ಲಿ ಹಿಡಿಯದು. ನೆಂಟ ಮತ್ತೆ ಜಾಗ ಹುಡುಕುತ್ತಾ ಹೊರಟ.

ಆಗ ಎದುರಾದದ್ದು ವೈರಿನ ಪ್ರಶ್ನೆ. 400 ವ್ಯಾಟು ಹೊರಡಿಸುವ ಹಳೆಯ ಮಾದರಿಯ ಆಂಪ್ಲಿಫೈಯರ್ ತನ್ನ ಪೂರ್ತಿ ಸದ್ದಿನಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಮುಂದೆ, ಆಂಪ್ಲಿಫೈಯರ್ ಹಿಂದೆ. ನಡುವೆ ಐದು ಮೀಟರ್ ತಾಮ್ರದ ವೈರು. ಮನೆಯ ಪ್ಲಗ್ಗಿಗೆ ಬಳಸುವ 2.5 ಚದರ ಮಿಲಿಮೀಟರಿನ ವೈರನ್ನು ಎಳೆದರೆ ದಾರಿಯಲ್ಲೇ 1.7 ವೋಲ್ಟು ಕಳೆದುಹೋಗುತ್ತದೆ, ವೈರಿನ ಮೈಯಲ್ಲಿ 86 ವ್ಯಾಟು ಶಾಖವಾಗುತ್ತದೆ. ಮೂರು ಸಾಲ್ಡರಿಂಗ್ ಐರನ್ನುಗಳನ್ನು ಕಾರ್ಪೆಟ್ಟಿನಡಿ ಉರಿಸಿಟ್ಟಂತೆ. ಅದೇ 21 ಚದರ ಮಿಲಿಮೀಟರಿನ ದಪ್ಪ ವೈರಾದರೆ ನಷ್ಟ ವೋಲ್ಟಿನ ಐದರಲ್ಲಿ ಒಂದು ಪಾಲು. ಹಾಡಿನ ಸದ್ದು ಏರಿಳಿಯುವುದರಿಂದ ಸರಾಸರಿ ಕರೆಂಟು ಇಷ್ಟಿರುವುದಿಲ್ಲ, ನಿಜ. ಆದರೆ ವೈರನ್ನು ಆರಿಸುವುದು ಕೆಟ್ಟ ದಿನದ ಲೆಕ್ಕಕ್ಕೆ.

ಆ ವೈರಿಗೆ ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಬೇಕು ಎಂಬ ನಿಯಮವನ್ನು ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ಆಂಪ್ಲಿಫೈಯರಿನ ಮೈಯಲ್ಲೇ ಫ್ಯೂಸ್ ಇದೆಯಲ್ಲ, ಇನ್ನೊಂದು ಯಾಕೆ ಎನ್ನುತ್ತಾರೆ. ಮೈಯಲ್ಲಿರುವ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ. ಬ್ಯಾಟರಿಯ ಬಳಿಯದು ಕಾಯುವುದು ಐದು ಮೀಟರಿನ ವೈರನ್ನು. ಆ ವೈರು ಎಂಜಿನ್ನಿನ ತಗಡಿನ ಗೋಡೆ ದಾಟುವಾಗ ಅಂಚಿಗೆ ಉಜ್ಜಿ ಸವೆದರೆ, ಅಪಘಾತದಲ್ಲಿ ಜಜ್ಜಿದರೆ, ತುದಿಯ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ತೂತಿನ ಅಂಚಿಗೆ ರಬ್ಬರಿನ ಬಳೆ ಹಾಕಬೇಕೆನ್ನುವುದೂ ಇದಕ್ಕೇ.

ಒಂದೊಂದು ಜಾಗ, ಒಂದೊಂದು ಕಥೆ

ಈಗ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕೋಣ.

ಬಾನೆಟ್ಟಿನ ಕೆಳಗೆ ಬ್ಯಾಟರಿ ಹತ್ತಿರ, ವೈರು ಉಳಿಯುತ್ತದೆ. ಆದರೆ ಎಂಜಿನ್ನಿನ ಬಿಸಿ, ನೀರು, ಎಣ್ಣೆ, ಕಿಡಿ ಎಲ್ಲವೂ ಅಲ್ಲೇ. ಮಾಮೂಲಿ ಆಂಪ್ಲಿಫೈಯರಿಗೆ ಅದು ಜಾಗವೇ ಅಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಈಗಿನ ಚಿಕ್ಕ ಆಂಪ್ಲಿಫೈಯರುಗಳು ಹಿಡಿಯುತ್ತವೆ; ಬಿಸಿಲಿಗೆ ನಿಂತ ಕಾರಿನಲ್ಲಿ ಮೊದಲು ಕಾಯುವುದೂ ಅದೇ ಭಾಗ. ಅಲ್ಲಿ ಪೆಡಲಿನ ದಾರಿಗೆ ವೈರು ಜೋತುಬೀಳದಂತೆ ನೋಡಬೇಕು.

ಸೀಟಿನ ಕೆಳಗಿನ ಜಾಗದ ಕಥೆ ಹೆಚ್ಚು ಕುತೂಹಲದ್ದು. 1980ರ ದಶಕದ ಕಾರಿನಲ್ಲಿ ಮುಂದಿನ ಸೀಟಿನಡಿ ಖಾಲಿ ಇರುತ್ತಿತ್ತು. ಹಳಿ ಎರಡು, ಸ್ಪ್ರಿಂಗು ನಾಲ್ಕು, ಅಷ್ಟೇ. ಆಂಪ್ಲಿಫೈಯರಿಗೆ ಮಂಚದಡಿಯ ಟ್ರಂಕಿನಂತೆ ಒಳ್ಳೆಯ ಮರೆ. 1994ರಲ್ಲಿ ವೋಲ್ವೊ ತನ್ನ 850 ಕಾರಿನ ಸೀಟಿನ ಬೆನ್ನಿನೊಳಗೆ ಪಕ್ಕದ ಏರ್‌ಬ್ಯಾಗ್ ಇಟ್ಟಿತು. ಅಲ್ಲಿಂದೀಚೆಗೆ ಸೀಟಿನೊಳಗಿನ ಏರ್‌ಬ್ಯಾಗ್, ಬೆಲ್ಟಿನ ಬಿಗಿತ, ಕೂತವರ ತೂಕ ತಿಳಿಯುವ ಸೆನ್ಸರು ಎಲ್ಲದರ ವೈರುಗಳು ಬಹಳ ಕಾರುಗಳಲ್ಲಿ ಸೀಟಿನಡಿಯೇ ಹಾಯುತ್ತವೆ. ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರು ಕಂಡರೆ ಅದು ಏರ್‌ಬ್ಯಾಗಿನದು. ಅದನ್ನು ಎಳೆಯುವುದು, ಅದರಿಂದ ಕರೆಂಟು ಕದಿಯುವುದು, ಸೀಟು ಸರಿದಾಗ ಆಂಪ್ಲಿಫೈಯರಿನ ಮೂಲೆಗೆ ಅದು ಸಿಕ್ಕಿಕೊಳ್ಳುವುದು, ಯಾವುದೂ ಆಗಕೂಡದು. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಈಚಿನ ಎಷ್ಟೋ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗೂ ಇದೆ. "ಎಲ್ಲರೂ ಅಲ್ಲೇ ಹಾಕಿಸ್ತಾರೆ" ಎಂಬ ಮಾತು ಹಳೆಯ ಕಾರಿಗೆ ಸರಿಯಿತ್ತು. ಮಾತು ಉಳಿದಿದೆ, ಕಾರು ಬದಲಾಗಿದೆ.

ಸೀಟಿನಡಿ ಇನ್ನೊಂದು ಶತ್ರು ನೀರು. ಮಳೆಗಾಲದಲ್ಲಿ ಒದ್ದೆ ಚಪ್ಪಲಿ, ಕೊಡೆ. ಎಸಿಯ ನೀರು ಹೊರಹೋಗುವ ಪೈಪು ಕಟ್ಟಿಕೊಂಡರೆ ಅದು ಕಾಲ ಬಳಿಯ ಕಾರ್ಪೆಟ್ಟಿಗೇ ಇಳಿಯುತ್ತದೆ. ಅಲ್ಲೇ ಇಡುವುದಾದರೆ ನೆಲದಿಂದ ಒಂದಿಷ್ಟು ಎತ್ತರದ ಪಟ್ಟಿಯ ಮೇಲೆ, ಸುತ್ತ ಎರಡು ಇಂಚು ಗಾಳಿಯಾಡುವಂತೆ, ಸೀಟನ್ನು ಹಿಂದೆ ಮುಂದೆ ಪೂರ್ತಿ ಸರಿಸಿ ನೋಡಿ ಇಡಬೇಕು.

ಹಿಂದಿನ ಸೀಟಿನ ಕೆಳಗಿನ ನೆಲಕ್ಕೆ ಸ್ಕ್ರೂ ಹೊಡೆಯುವ ಮುನ್ನ ಫೋರ್ಡ್ ಪಿಂಟೊವನ್ನು ನೆನೆಯಬೇಕು. 1970ರ ದಶಕದ ಆ ಅಮೆರಿಕದ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕು ಹಿಂದಿನ ಆಕ್ಸಲ್ಲಿನ ಆಚೆ, ಬಂಪರಿನ ಸಮೀಪ ಇತ್ತು. ಹಿಂದಿನಿಂದ ಗುದ್ದಿದಾಗ ಟ್ಯಾಂಕು ಒಡೆದು ಬೆಂಕಿ ಹೊತ್ತಿ ಜನ ಸತ್ತರು. 1978ರಲ್ಲಿ ಫೋರ್ಡ್ ಸುಮಾರು 15 ಲಕ್ಷ ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಇಂಥ ಅನುಭವಗಳ ನಂತರ, ಮುಂಚಕ್ರದ ಚಾಲನೆಯ ಕಾರುಗಳು ಹೆಚ್ಚಿದಂತೆಲ್ಲ, ಟ್ಯಾಂಕು ಆಕ್ಸಲ್ಲಿನ ಮುಂದಕ್ಕೆ ಸರಿಯಿತು. ಅಲ್ಲಿ ಮೇಲೇನಿದೆ? ಹಿಂದಿನ ಸೀಟು. ಗುದ್ದಿನಿಂದ ಕಾಪಾಡಿದ ಬದಲಾವಣೆಯೇ ಡ್ರಿಲ್ ಹಿಡಿದವನಿಗೆ ಹೊಸ ಅಪಾಯವನ್ನು ತಂದಿಟ್ಟಿತು. ಎಲ್ಲೇ ತೂತು ಕೊರೆಯುವ ಮೊದಲು ಕಾರಿನ ಕೆಳಗೆ ಬಗ್ಗಿ ನೋಡು ಎಂಬ ಮೆಕ್ಯಾನಿಕ್ಕುಗಳ ಬುದ್ಧಿಮಾತಿನೊಳಗೆ ಈ ಕಥೆ ಅಡಗಿದೆ.

ಇನ್ನು ಡಿಕ್ಕಿ. ನಮ್ಮ ಮಾತಿನಲ್ಲಿ ಡಿಕ್ಕಿ ಎಂದರೆ ಕಾರಿನ ಹಿಂಬದಿಯ ಸಾಮಾನಿನ ಕೋಣೆಯೂ ಹೌದು, ಎರಡು ಗಾಡಿಗಳ ಗುದ್ದಾಟವೂ ಹೌದು. ಎರಡು ಬೇರೆ ಪದಗಳು ಒಂದೇ ರೂಪಕ್ಕೆ ಬಂದು ನಿಂತಿವೆ. ಆಂಪ್ಲಿಫೈಯರ್ ಕೂರಿಸುವವರು ಎರಡು ಅರ್ಥವನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಡಿಕ್ಕಿಯಲ್ಲಿ ತಂಪಿದೆ, ಜಾಗವಿದೆ. ಆದರೆ ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ನಿಂತರೆ ಮೂರು ಕಿಲೋ ತೂಕದ ಆಂಪ್ಲಿಫೈಯರ್ ನಲವತ್ತು ಕಿಲೋಗೂ ಹೆಚ್ಚಿನ ಭಾರದಂತೆ ಮುಂದಕ್ಕೆ ದೂಡುತ್ತದೆ. ಎರಡು ಬದಿ ಅಂಟಿನ ಟೇಪು, ವೆಲ್ಕ್ರೋ ಇದನ್ನು ತಡೆಯುವ ಭರವಸೆ ಇಲ್ಲ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲಂತೂ ಇಡಲೇಬಾರದು. ಅಲ್ಲಿಂದ ಹೊರಟದ್ದು ನೇರ ಕೂತವರ ತಲೆಯ ಮಟ್ಟಕ್ಕೆ ಬರುತ್ತದೆ. ಹಿಂದಿನ ಸೀಟಿನ ಬೆನ್ನಿಗೆ ಒಂದು ಪ್ಲೈವುಡ್ ಹಲಗೆ ಬೋಲ್ಟು ಹಾಕಿ, ಅದರ ಮೇಲೆ ಲೋಹದ ಏಣುಗಳು ನೆಟ್ಟಗೆ ನಿಲ್ಲುವಂತೆ ಬಿಗಿಯುವುದು ಹಳೆಯ, ಈಗಲೂ ಒಳ್ಳೆಯ ಉಪಾಯ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ತಲೆಕೆಳಗಾಗಿ ತೂಗುಹಾಕಿದರೆ ಆ ಬಿಸಿ ಮತ್ತೆ ಅದರ ಮೈಗೇ ಸೇರುತ್ತದೆ. ಸಬ್‌ವೂಫರಿನ ಡಬ್ಬಿಯ ಮೇಲೆ ಬಿಗಿದರೆ ಚಂದ ಕಾಣುತ್ತದೆ, ಆದರೆ ದಿನವೂ ಅದುರಿ ಅದುರಿ ಒಳಗಿನ ಬೆಸುಗೆ ಬಿರುಕು ಬಿಡುತ್ತದೆ. ಸ್ಟೆಪ್ನಿಯ ಗುಳಿ ಆಳವಾದದ್ದು, ಆದರೆ ನೀರು ನಿಲ್ಲುವುದೂ ಅಲ್ಲೇ. ಸಿಎನ್‌ಜಿ ಸಿಲಿಂಡರ್ ಇರುವ ಡಿಕ್ಕಿಯಾದರೆ ಬಿಸಿಯಾಗುವ, ಕಿಡಿ ಹಾರಬಹುದಾದ ಪೆಟ್ಟಿಗೆಯನ್ನು ಅದರ ಜೊತೆಗೆ ಮುಚ್ಚಿಡುವ ಆಲೋಚನೆಯನ್ನೇ ಬಿಡಬೇಕು.

ಜಾಗ ಸಿಕ್ಕಿತು ಎಂದಮೇಲೂ ಒಂದು ಕೆಲಸ ಉಳಿಯುತ್ತದೆ. ಅರ್ತ್ ವೈರನ್ನು ಹತ್ತಿರದ ತಗಡಿಗೆ, ಬಣ್ಣ ಕೆರೆದು, ಬೋಲ್ಟು ಹಾಕಿ ಬಿಗಿಯಬೇಕು. 1960ರ ದಶಕದಲ್ಲಿ ಡೈನಮೊ ಹೋಗಿ ಆಲ್ಟರ್ನೇಟರ್ ಬಂದಾಗ ಸ್ಪೀಕರಿನ ಟಪ್ ಟಪ್‌ಗೆ ಒಂದು ಕೀರಲು ದನಿ ಜೊತೆಯಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತದೆ. ಸಡಿಲ ಅರ್ತಿನಲ್ಲಿ ಆ ದನಿ ಜೋರು. ಕಾರಿನ ಒಂದು ಬದಿಯಿಂದ ಕರೆಂಟಿನ ವೈರು, ಇನ್ನೊಂದು ಬದಿಯಿಂದ ಸದ್ದಿನ ವೈರು ಎಳೆಯುವ ರೂಢಿ ಕಿಡಿಯ ತಂತಿಯ ಆ ಹಳೆಯ ಪಾಠದ ಮರಿಮಗ. ಸಡಿಲ ಅರ್ತಿನಿಂದ ಕೀರಲು ಮಾತ್ರ ಬರುವುದಿಲ್ಲ. ಸಡಿಲ ಬೋಲ್ಟಿನ ಬುಡ ಬಿಸಿಯಾಗುತ್ತದೆ.

ಕೈಯಲ್ಲಿರುವ ವಿದ್ಯೆ

ನಮ್ಮಲ್ಲಿ ಈ ಕಥೆ ತಡವಾಗಿ ಶುರುವಾಯಿತು. 1980ರ ದಶಕದ ಮಧ್ಯದವರೆಗೂ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಕಾರು ಮಧ್ಯಮ ವರ್ಗದ ಕೈಗೆ ಎಟುಕತೊಡಗಿತು, ಅದರ ಹಿಂದೆಯೇ ಕ್ಯಾಸೆಟ್ ಸ್ಟೀರಿಯೊ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಗಾಡಿಯ ಬಿಡಿಭಾಗಗಳ ಅಂಗಡಿಗಳ ನಡುವೆ ಸ್ಟೀರಿಯೊ ಕೂರಿಸುವ ಕೈಗಳು ತಯಾರಾದವು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ಶುರುವಾದಾಗ ಟ್ರಾಫಿಕ್ಕಿನಲ್ಲಿ ನಿಂತ ಕಾರು ಹಾಡು ಕೇಳುವ ಕೋಣೆಯಾಯಿತು.

ಇತಿಹಾಸ ಓದುವವರಿಗೆ ಇಲ್ಲೊಂದು ತೊಡಕಿದೆ. ಅಮೆರಿಕದ ಕಥೆಗೆ ಕೈಪಿಡಿಗಳಿವೆ, ಜಾಹೀರಾತುಗಳಿವೆ, ಪೇಟೆಂಟುಗಳಿವೆ. ನಮ್ಮ ಬೀದಿಯ ಮೆಕ್ಯಾನಿಕ್ಕಿನ ವಿದ್ಯೆ ಕಾಗದಕ್ಕೆ ಇಳಿದದ್ದು ಕಡಿಮೆ. ಅದು ಗುರುವಿನ ಕೈಯಿಂದ ಹುಡುಗನ ಕೈಗೆ ದಾಟಿದೆ. ಯಾವ ಮಾದರಿಯ ಕಾರಿನಲ್ಲಿ ಎಲ್ಲಿ ತೂತು ಕೊರೆಯಬಾರದು ಎಂಬುದು ಅವನ ಬೆರಳಿಗೆ ಗೊತ್ತು. ಹೀಗೆ ದಾಟುವಾಗ "ಏನು ಮಾಡಬೇಕು" ಎಂಬುದು ಸಲೀಸಾಗಿ ದಾಟುತ್ತದೆ. "ಯಾಕೆ" ಎಂಬುದು ಹಿಂದೆ ಬೀಳುತ್ತದೆ. ಸೀಟಿನಡಿಯ ರೂಢಿ ಏರ್‌ಬ್ಯಾಗಿನ ಕಾಲಕ್ಕೂ ಹಾಗೇ ಮುಂದುವರಿದದ್ದು ಈ ಕಾರಣಕ್ಕೆ. ಇದು ಹುಡುಗನ ತಪ್ಪಲ್ಲ. ಅವನಿಗೆ ಹೊಸ ಕಾರಿನ ವೈರಿಂಗ್ ನಕ್ಷೆಯನ್ನು ಯಾರೂ ಕೊಡುವುದಿಲ್ಲ.

ಕಾರು ತಯಾರಿಸುವವರು ಈ ನಡುವೆ ನೆಂಟನಿಗೆ ಕೊನೆಗೂ ಕೋಣೆ ಕಟ್ಟಿಕೊಟ್ಟರು. 1983ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ಮತ್ತು ಬೋಸ್ ಸೇರಿ ಒಂದೊಂದು ಸ್ಪೀಕರಿನ ಡಬ್ಬಿಯೊಳಗೇ ಒಂದೊಂದು ಆಂಪ್ಲಿಫೈಯರ್ ಇಟ್ಟವು. ಬಿಸಿ ಕಡಿಮೆ ಮಾಡುವ ಡಿ ವರ್ಗದ ಮಂಡಲಗಳು ಸಾಮಾನ್ಯವಾದಮೇಲೆ ಆಂಪ್ಲಿಫೈಯರು ಇನ್ನೂ ಕುಗ್ಗಿತು. ಆದರೂ ಆಮೇಲೆ ಹಾಕಿಸುವವರು ಇದ್ದೇ ಇರುತ್ತಾರೆ, ಅವರ ಪ್ರಶ್ನೆಯೂ ಇರುತ್ತದೆ.

ಆ ಪ್ರಶ್ನೆ ಈಗ ಮತ್ತೊಂದು ತಿರುವಿನಲ್ಲಿದೆ. ವಿದ್ಯುತ್ ಕಾರುಗಳಲ್ಲೂ ರೇಡಿಯೊ, ದೀಪಗಳಿಗೆ ಸಾಮಾನ್ಯವಾಗಿ ಹಳೆಯ 12 ವೋಲ್ಟೇ. ಆದರೆ ಅದರ ಹಿಂದೆ ಆಲ್ಟರ್ನೇಟರ್ ಇಲ್ಲ. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿಯಿಂದ ಇಳಿಸಿಕೊಡುವ ಪರಿವರ್ತಕವಿದೆ. ಅದು ಎಷ್ಟು ಆಂಪಿಯರ್ ಕೊಡಬಲ್ಲದು ಎಂದು ತಿಳಿಯದೆ ದೊಡ್ಡ ಆಂಪ್ಲಿಫೈಯರ್ ಹಾಕಿಸುವಂತಿಲ್ಲ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡಲ್ಲಿ ಕೈ ಹಿಂದಕ್ಕೆ ಬರಬೇಕು. ಅದರಲ್ಲಿರುವುದು ಕೊಲ್ಲುವ ವೋಲ್ಟೇಜು. ಮತ್ತು ಆ ದೊಡ್ಡ ಬ್ಯಾಟರಿ ಬಹಳಷ್ಟು ಕಾರುಗಳಲ್ಲಿ ಇರುವುದು ನೆಲದ ಉದ್ದಗಲಕ್ಕೂ, ಕೂತವರ ಪಾದದ ಕೆಳಗೆ. 1930ರಲ್ಲಿ ಹಾಡು ಕೇಳಲೆಂದು ನೆಲ ಕೊರೆದು ಬ್ಯಾಟರಿ ಇಳಿಸಿದರು. ಈಗ ನೆಲವೇ ಬ್ಯಾಟರಿಯಾಗಿದೆ. ಅಲ್ಲಿ ಒಂದು ಸ್ಕ್ರೂ ಕೂಡ ಇಳಿಸುವಂತಿಲ್ಲ. ಡ್ರಿಲ್ ಎತ್ತಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರ ಅಂದೂ ಇಂದೂ ಒಂದೇ: ಇದರ ಹಿಂದೆ ಏನಿದೆ?